ಬೇವಿನ ತುದಿ ಒಣಗು ರೋಗ

ಬೇವಿನ ಮರದ ಎಳೆಯ ರೆಂಬೆಗಳನ್ನು ತುದಿಯಿಂದ ಬುಡದ ಕಡೆಗೆ ಒಣಗಿಸುತ್ತ ಬರುವ, ಹೂಗೊಂಚಲನ್ನು ಕರಿಕಲಾಗಿಸುವ, ಕಾಯಿಯನ್ನು ಕೊಳೆಸುವ ಶಿಲೀಂಧ್ರ ರೋಗ. ಸಸ್ಯರೋಗ ತಜ್ಞರಲ್ಲಿ ಡೈಬ್ಯಾಕ್ ಎಂಬ ಹೆಸರೇ ರೂಢಿ. ಇದಕ್ಕೆ ಕಾರಣವಾದ ಶಿಲೀಂಧ್ರ ಫೋಮಾಪ್ಸಿಸ್ ಅಜಾಡಿರಾಕ್ಟೇ. ಇದನ್ನು ಹೊಸ ಜಾತಿಯೆಂದು ಗುರುತಿಸಿ ಹೆಸರಿಟ್ಟವರು ಮೈಸೂರಿನ ಸಂಶೋಧಕರು, ವರ್ಷ 1997. ಆ ಬಳಿಕ ದಕ್ಷಿಣ ಭಾರತದ ಹಲವು ರಾಜ್ಯಗಳಲ್ಲಿ ರೋಗ ಕಾಣಿಸಿಕೊಂಡಿದೆ. 2020ರ ನಂತರದ ವರ್ಷಗಳಲ್ಲಿ ತೆಲಂಗಾಣ, ಆಂಧ್ರಪ್ರದೇಶಗಳಲ್ಲಿ ಸಾಲುಸಾಲು ಬೇವಿನ ಮರಗಳು ಮಳೆಗಾಲದ ನಡುವೆಯೇ ಒಣಗಿ ನಿಂತಾಗ ಸಾರ್ವಜನಿಕರ ಗಮನ ಇದರತ್ತ ಹರಿಯಿತು. ಮರದ ವಯಸ್ಸು, ಎತ್ತರ, ಗಾತ್ರಗಳ ಭೇದವಿಲ್ಲದೆ ತಗಲುವುದು ಮತ್ತು ಬೀಜದ ಫಸಲನ್ನೇ ಮೊದಲು ಕಸಿಯುವುದು ಈ ರೋಗದ ಎರಡು ಮುಖ್ಯ ಗುಣ. ಈ ಲೇಖನದಲ್ಲಿ ರೋಗದ ಸ್ವರೂಪವನ್ನು ಚಾಮರಾಜನಗರ ಜಿಲ್ಲೆಯ ಮಾಂಬಳ್ಳಿ ಮತ್ತು ಸುತ್ತಲಿನ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ ವಿವರಿಸಿದೆ.

ಮರ ಮತ್ತು ನೆಲ

ಬೇವು ಮೀಲಿಯೇಸೀ ಕುಟುಂಬದ ಮರ. ಅಜಾಡಿರಾಕ್ಟ ಇಂಡಿಕ ಎಂಬ ಶಾಸ್ತ್ರೀಯ ಹೆಸರನ್ನು ಫ್ರೆಂಚ್ ಸಸ್ಯವಿಜ್ಞಾನಿ ಆಡ್ರಿಯನ್ ಡಿ ಜುಸ್ಯೂ 1830ರಲ್ಲಿ ಕೊಟ್ಟ. ಭಾರತ ಉಪಖಂಡ ಮತ್ತು ಬರ್ಮಾದ ಒಣನೆಲಗಳು ಇದರ ತವರು. ಆಳಕ್ಕಿಳಿಯುವ ಬೇರು, ಬರ ತಡೆಯುವ ಶಕ್ತಿ, ದನಕರುಗಳಿಗೆ ನೆರಳು, ಮನೆಮದ್ದಿಗೆ ಎಲೆ, ತೊಗಟೆ, ಎಣ್ಣೆ ಎಂಬ ಕಾರಣಗಳಿಂದ ಬಯಲುಸೀಮೆಯ ಊರುಗಳಲ್ಲಿ ಇದು ನೆಟ್ಟೂ ಬೆಳೆಯುತ್ತದೆ, ಹಕ್ಕಿಗಳು ಬೀಜ ಚೆಲ್ಲಿ ತಾನಾಗಿಯೂ ಬೆಳೆಯುತ್ತದೆ.

ಮಾಂಬಳ್ಳಿ ಯಳಂದೂರು ತಾಲ್ಲೂಕಿನ ಗ್ರಾಮ. ಪಕ್ಕದ ಅಗರದೊಡನೆ ಸೇರಿಸಿ ಅಗರ-ಮಾಂಬಳ್ಳಿ ಎಂದು ಕರೆಯುವುದುಂಟು. ಬಿಳಿಗಿರಿರಂಗನ ಬೆಟ್ಟ ಒಂದು ಕಡೆ, ಸುವರ್ಣಾವತಿ ನದಿ ಹರಿದು ಕಾವೇರಿ ಸೇರುವ ತಗ್ಗುಬಯಲು ಇನ್ನೊಂದು ಕಡೆ. ಸುವರ್ಣಾವತಿಗೆ ಇಲ್ಲಿನವರು ಹೊನ್ನುಹೊಳೆ ಎಂದೂ ಹೇಳುತ್ತಾರೆ. ಹೊಳೆ, ಕಾಲುವೆ, ಕೆರೆಗಳ ನೀರು ಸಿಗುವ ಕಡೆ ಭತ್ತ, ಕಬ್ಬು, ಬಾಳೆ, ಅರಿಶಿನ, ಹಿಪ್ಪುನೇರಳೆ, ತೆಂಗು ಬೆಳೆಯುತ್ತವೆ. ಪೂರ್ವಕ್ಕೆ, ಹನೂರು ಮತ್ತು ಮಲೆ ಮಹದೇಶ್ವರ ಬೆಟ್ಟದ ದಿಕ್ಕಿನಲ್ಲಿ, ರಾಗಿ, ಜೋಳ, ಹುರುಳಿ, ಮುಸುಕಿನ ಜೋಳದ ಮಳೆಯಾಶ್ರಿತ ಹೊಲಗಳು. ಬೇವು ಎರಡೂ ಬಗೆಯ ನೆಲದಲ್ಲಿದೆ; ಆದರೆ ಹೊಲದ ಬದುವಿನಲ್ಲಿ ಬೇರೆ ಮರ ನಿಲ್ಲದ ಒಣಭಾಗದಲ್ಲಿ ಅದರ ಬೆಲೆ ಹೆಚ್ಚು. ಬರಗಾಲದಲ್ಲಿ ಆಡು, ಕುರಿಗಳಿಗೆ ಸೊಪ್ಪು ಒದಗಿಸುವ ಮರಗಳಲ್ಲಿ ಇದೂ ಒಂದು.

ಈ ಮರಕ್ಕೆ ಆಚರಣೆಯ ನಂಟೂ ಗಟ್ಟಿಯಾಗಿದೆ. ಯುಗಾದಿಯಂದು ಬೇವಿನ ಹೂವು, ಎಳೆ ಎಸಳು ಬೆಲ್ಲದೊಡನೆ ಪ್ರತಿ ಮನೆಗೂ ಬೇಕು. ಮಾರಿಹಬ್ಬದಲ್ಲಿ ಬೇವಿನ ಸೊಪ್ಪಿಲ್ಲದೆ ದೇವಿಯ ಅಲಂಕಾರವಿಲ್ಲ. ಊರ ಮುಂದಿನ ಕಟ್ಟೆಯ ಮೇಲೆ ಅರಳಿಯನ್ನೂ ಬೇವನ್ನೂ ಜೊತೆಯಾಗಿ ನೆಟ್ಟು ಎರಡಕ್ಕೂ ಮದುವೆ ಮಾಡುವ ರೂಢಿ ಹಳೆ ಮೈಸೂರು ಭಾಗದಲ್ಲೆಲ್ಲ ಇದೆ. ರೋಗದ ನಿರ್ವಹಣೆಗೂ ಈ ಆಚರಣೆಗೂ ಸಂಬಂಧವಿದೆ. ಕಟ್ಟೆಯ ಮರಕ್ಕೆ ಕೊಡಲಿ ಹಾಕಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಒಣಗಿದ ಕೊಂಬೆ ವರ್ಷಗಟ್ಟಲೆ ಮರದಲ್ಲೇ ಉಳಿಯುತ್ತದೆ.

ರೋಗವನ್ನು ಗುರುತಿಸಿದ ಬಗೆ

ಬೇವಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆ ಜನರಲ್ಲಿ ಬಹುಕಾಲ ಇತ್ತು. ಅದಕ್ಕೆ ಆಧಾರವೂ ಇತ್ತು. ಬೇವಿನ ಎಣ್ಣೆ, ಹಿಂಡಿ, ಎಲೆಯ ಕಷಾಯಗಳು ಅನೇಕ ಕೀಟಗಳನ್ನೂ ಕೆಲವು ಶಿಲೀಂಧ್ರಗಳನ್ನೂ ತಡೆಯುತ್ತವೆ. ಬೇವಿನ ಎಣ್ಣೆಯಿಂದ ಗಿಡಗಳ ಶಿಲೀಂಧ್ರ ತಡೆಯುವ ವಿಧಾನಕ್ಕೇ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಕಂಪನಿ 1994ರಲ್ಲಿ ಯುರೋಪಿನ ಪೇಟೆಂಟ್ ಪಡೆದಿದ್ದವು. ಭಾರತದಲ್ಲಿ ಈ ತಿಳಿವಳಿಕೆ ಹಿಂದಿನಿಂದಲೂ ಬಳಕೆಯಲ್ಲಿದೆ ಎಂಬ ಆಕ್ಷೇಪದ ಮೇಲೆ ಯುರೋಪಿಯನ್ ಪೇಟೆಂಟ್ ಕಚೇರಿ 2000ದಲ್ಲಿ ಅದನ್ನು ರದ್ದು ಮಾಡಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಶಿಲೀಂಧ್ರನಾಶಕವೆಂದು ಜಗತ್ತು ಪೇಟೆಂಟಿಗಾಗಿ ವ್ಯಾಜ್ಯ ಆಡುತ್ತಿದ್ದ ಅದೇ ದಶಕದಲ್ಲಿ ಆ ಮರವೇ ಒಂದು ಶಿಲೀಂಧ್ರಕ್ಕೆ ತುತ್ತಾಗುತ್ತಿರುವುದು ಮೈಸೂರಿನಲ್ಲಿ ದಾಖಲಾಯಿತು.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಕೆಲಸ ಮಾಡುತ್ತಿದ್ದ ಎಂ. ಕೆ. ಸತೀಶ್, ಎಸ್. ಶಂಕರ ಭಟ್ ಮತ್ತು ಎನ್. ಎಸ್. ದೇವಕಿ ಒಣಗಿದ ಬೇವಿನ ರೆಂಬೆಗಳಿಂದ ಶಿಲೀಂಧ್ರವನ್ನು ಬೇರ್ಪಡಿಸಿ 1997ರಲ್ಲಿ ಮೈಕೋಟ್ಯಾಕ್ಸನ್ ಪತ್ರಿಕೆಯಲ್ಲಿ ಹೊಸ ಜಾತಿಯಾಗಿ ವಿವರಿಸಿದರು. ಮರದ ಕುಲನಾಮವನ್ನೇ ಆಧರಿಸಿ ಅದಕ್ಕೆ ಅಜಾಡಿರಾಕ್ಟೇ ಎಂಬ ಹೆಸರು ಬಂತು. ಮರುವರ್ಷ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಇದೇ ತಂಡ ಬೇವಿಗೆ ಬಂದಿರುವ ಹೊಸ ವಿನಾಶಕಾರಿ ರೋಗವೆಂದು ಇದನ್ನು ವರದಿ ಮಾಡಿತು. ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರ್ಪಟ್ಟದ್ದೂ 1997ರಲ್ಲೇ. ಹಾಗಾಗಿ ಮಾಂಬಳ್ಳಿ ಸೀಮೆಗೆ ಇದು ಎಲ್ಲೋ ದೂರದಿಂದ ಕೇಳಿಬಂದ ರೋಗವಲ್ಲ. ಅದನ್ನು ಮೊದಲು ವಿವರಿಸಿದ ಊರು ಇಲ್ಲಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ.

ಮುಂದಿನ ವರ್ಷಗಳಲ್ಲಿ ಮೈಸೂರಿನಲ್ಲೇ ಈ ಶಿಲೀಂಧ್ರದ ಬಗ್ಗೆ ಸಂಶೋಧನೆ ಮುಂದುವರಿಯಿತು. ಅದು ಬೀಜದ ಮೂಲಕ ದಾಟುತ್ತದೆ ಎಂಬುದು, ಅದರ ವಂಶವಾಹಿಯ ಗುರುತಿನಿಂದ ಸೋಂಕನ್ನು ಪತ್ತೆಹಚ್ಚುವ ವಿಧಾನ, ಯಾವ ಔಷಧ ಮತ್ತು ಯಾವ ಉಪಕಾರಿ ಸೂಕ್ಷ್ಮಜೀವಿ ಅದನ್ನು ತಡೆಯುತ್ತದೆ ಎಂಬ ಪರೀಕ್ಷೆಗಳು ನಡೆದವು.

ರೋಗಕಾರಕ

ಫೋಮಾಪ್ಸಿಸ್ ಒಂದು ದೊಡ್ಡ ಕುಲ. ಬದನೆಕಾಯಿ ಕೊಳೆಸುವ, ಬದನೆ ಎಲೆಯಲ್ಲಿ ಚುಕ್ಕೆ ಮೂಡಿಸುವ ಫೋಮಾಪ್ಸಿಸ್ ವೆಕ್ಸನ್ಸ್ ಇದೇ ಕುಲದ್ದು; ತರಕಾರಿ ಬೆಳೆಗಾರರಿಗೆ ಅದು ಪರಿಚಿತ. ಡಯಾಪೋರ್ತೆ ಎಂಬ ಶಿಲೀಂಧ್ರ ಕುಲದ ನಿರ್ಲಿಂಗ ಅವಸ್ಥೆಯೇ ಫೋಮಾಪ್ಸಿಸ್ ಎಂಬುದು ಈಗಿನ ತಿಳಿವಳಿಕೆ. ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂಬ ಹೊಸ ನಿಯಮ ಬಂದ ಮೇಲೆ ಇದರ ಅನೇಕ ಜಾತಿಗಳನ್ನು ಡಯಾಪೋರ್ತೆ ಹೆಸರಿನಲ್ಲಿ ಕರೆಯಲಾಗುತ್ತಿದೆ.

ಸೋಂಕಿದ ರೆಂಬೆಯ ಸಿಪ್ಪೆಯಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಕಪ್ಪು ಬೊಟ್ಟುಗಳು ಮೂಡುತ್ತವೆ. ಇವು ಬೀಜಾಣುಗಳು ತಯಾರಾಗುವ ಪಿಕ್ನಿಡಿಯಗಳು. ಇವುಗಳೊಳಗೆ ಎರಡು ಬಗೆಯ ಬೀಜಾಣುಗಳಿರುತ್ತವೆ. ಆಲ್ಫಾ ಬೀಜಾಣು ಒಂದೇ ಕೋಶದ, ಬಣ್ಣವಿಲ್ಲದ, ಅಂಡಾಕಾರದ್ದು. ಬೀಟಾ ಬೀಜಾಣು ನೂಲಿನಂತೆ ಸಪೂರ, ತುದಿ ಕೊಕ್ಕೆಯಂತೆ ಬಾಗಿದ್ದು. ಪ್ರಯೋಗಾಲಯದಲ್ಲಿ ಆಲೂಗಡ್ಡೆ ಸಾರದ ಮಾಧ್ಯಮದ ಮೇಲೆ ಸುಮಾರು 26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶಿಲೀಂಧ್ರ ಚೆನ್ನಾಗಿ ಬೆಳೆಯುತ್ತದೆ. ದಕ್ಷಿಣ ಕರ್ನಾಟಕದ ಮಳೆಗಾಲದ ಹವೆ ಇದಕ್ಕೆ ಹತ್ತಿರದ್ದು.

ಫೋಮಾಪ್ಸಿಸ್ ಕುಲದ ಅನೇಕ ಜಾತಿಗಳು ಗಿಡದೊಳಗೆ ಯಾವ ಲಕ್ಷಣವನ್ನೂ ತೋರದೆ ದೀರ್ಘಕಾಲ ಅಡಗಿರಬಲ್ಲವು. ಗಿಡ ಸೊರಗಿದಾಗ, ಹವೆ ಒದಗಿದಾಗ, ಕೀಟ ಗಾಯ ಮಾಡಿದಾಗ ಅವು ರೋಗಕಾರಕಗಳಾಗುತ್ತವೆ. ಆದ್ದರಿಂದ ಹಸಿರಾಗಿ ಕಾಣುವ ಮರದಲ್ಲಿ ಶಿಲೀಂಧ್ರ ಇಲ್ಲವೆಂದು ಕಣ್ಣಳತೆಯಿಂದ ಹೇಳಲಾಗದು.

ಲಕ್ಷಣಗಳು ಮತ್ತು ಋತುಚಕ್ರ

ರೋಗ ಮೂರು ರೂಪದಲ್ಲಿ ಕಾಣುತ್ತದೆ: ರೆಂಬೆ ಒಣಗುವುದು, ಹೂಗೊಂಚಲು ಕರಿಕಲಾಗುವುದು, ಕಾಯಿ ಕೊಳೆಯುವುದು. ರೆಂಬೆಯ ತುದಿಯ ಎಲೆಗಳು ಮೊದಲು ಬಾಡಿ, ಕಂದುಬಣ್ಣಕ್ಕೆ ತಿರುಗಿ, ಉದುರದೆ ಜೋತಾಡುತ್ತವೆ. ಒಣಗು ತುದಿಯಿಂದ ಕೆಳಗಿಳಿಯುತ್ತದೆ. ದೂರದಿಂದ ನೋಡಿದರೆ ಮರದ ನೆತ್ತಿಯೆಲ್ಲ ಬೆಂಕಿಯ ಝಳ ಹೊಡೆದಂತೆ ಕಾಣುತ್ತದೆ. ಹೂಬಿಡುವ ಹೊತ್ತಿಗೆ ಸೋಂಕಿದ್ದರೆ ಗೊಂಚಲು ಕಂದಿ ಉದುರುತ್ತದೆ. ಕಾಯಿ ಕಟ್ಟಿದ ಮೇಲೆ ತಗಲಿದರೆ ಕಾಯಿ ಕೊಳೆತು ಸುಕ್ಕಾಗಿ, ಅದರ ಮೇಲೂ ಕಪ್ಪು ಬೊಟ್ಟುಗಳು ಮೂಡುತ್ತವೆ. ರೋಗ ಬಲವಾದ ಮರಗಳಲ್ಲಿ ಬೀಜದ ಫಸಲು ಬಹುಪಾಲು ಪೂರ್ತಿಯಾಗಿ ಹೋಗುತ್ತದೆ.

ಮುಂಗಾರು ಹಿಡಿದಾಗ ಲಕ್ಷಣ ಶುರುವಾಗಿ, ಮಳೆಗಾಲದ ಕೊನೆ ಮತ್ತು ಚಳಿಗಾಲದ ಆರಂಭದಲ್ಲಿ ಉಲ್ಬಣಿಸುತ್ತದೆ. ಚಾಮರಾಜನಗರ ಜಿಲ್ಲೆಯ ಮಳೆಯ ರೀತಿ ಇದಕ್ಕೆ ಅನುಕೂಲವಾಗಿದೆ. ಮಲೆನಾಡಿನಂತೆ ಇಲ್ಲಿ ಜುಲೈ ತಿಂಗಳು ಮಳೆಯ ತುತ್ತತುದಿಯಲ್ಲ. ಬೇಸಗೆಯ ಕೊನೆಯಲ್ಲಿ ಒಂದು ಸುತ್ತು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ದೊಡ್ಡ ಸುತ್ತು. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಸರಿಯಾಗಿ ಬಿದ್ದ ವರ್ಷ ಬೆಳೆಗೆ ಒಳ್ಳೆಯದು. ಎಲೆ ಹಗಲಿರುಳು ಒದ್ದೆಯಾಗಿರುವುದರಿಂದ ಶಿಲೀಂಧ್ರಕ್ಕೂ ಒಳ್ಳೆಯದು. ಹೀಗೆ ಸುತ್ತಲ ಹೊಲ ಹಸಿರಾಗಿರುವ ಕಾರ್ತಿಕದ ದಿನಗಳಲ್ಲೇ ಬದುವಿನ ಬೇವು ಒಣಗಿ ನಿಲ್ಲುವ ವಿಚಿತ್ರ ನೋಟ ಉಂಟಾಗುತ್ತದೆ.

ಮಳೆ ನಿಂತು ಬಿಸಿಲು ಏರಿದ ಮೇಲೆ, ಫೆಬ್ರವರಿ-ಮಾರ್ಚಿನಲ್ಲಿ, ಅದೇ ಮರ ಮತ್ತೆ ಚಿಗುರುತ್ತದೆ. ಯುಗಾದಿಯ ಹೊತ್ತಿಗೆ ಹಸಿರಾದ ಮರವನ್ನು ಕಂಡು ರೋಗ ಹೋಯಿತೆಂದು ಜನ ಸಮಾಧಾನಪಡುತ್ತಾರೆ. ಮುಂದಿನ ಮಳೆಗಾಲದಲ್ಲಿ ಒಣಗು ಮರಳುತ್ತದೆ, ಈ ಬಾರಿ ಇನ್ನಷ್ಟು ಕೆಳಗಿನ ಕೊಂಬೆಯವರೆಗೆ. ವರ್ಷವರ್ಷವೂ ಇದು ಮರುಕಳಿಸಿದರೆ ಮರದಲ್ಲಿ ಕೂಡಿಟ್ಟ ಆಹಾರ ಖರ್ಚಾಗಿ, ಚಿಗುರು ತೆಳುವಾಗಿ, ಕೊನೆಗೆ ಮರ ಸಾಯುತ್ತದೆ. ಎಳೆಯ ಸಸಿಗಳು ಇಷ್ಟು ಕಾಲ ತಾಳುವುದಿಲ್ಲ.

ಹರಡುವ ದಾರಿಗಳು

ಸನಿಹದ ಹರಡುವಿಕೆಗೆ ಮಳೆಯೇ ವಾಹನ. ಒದ್ದೆಯಾದ ಪಿಕ್ನಿಡಿಯದಿಂದ ಹೊರಬಂದ ಬೀಜಾಣುಗಳು ಹನಿಗಳ ಸಿಡಿತದಲ್ಲಿ ಕೊಂಬೆಯಿಂದ ಕೊಂಬೆಗೆ, ಮರದಿಂದ ಮರಕ್ಕೆ ದಾಟುತ್ತವೆ. ಹಿಂದಿನ ವರ್ಷ ಒಣಗಿ ಮರದಲ್ಲೇ ಉಳಿದ ರೆಂಬೆಗಳು ಮುಂದಿನ ಮಳೆಗಾಲಕ್ಕೆ ಸೋಂಕಿನ ದಾಸ್ತಾನು.

ದೂರದ ಪ್ರಯಾಣ ಬೀಜದ ಮೂಲಕ. ಸೋಂಕಿದ ಕಾಯಿಯ ಬೀಜದಲ್ಲಿ ಶಿಲೀಂಧ್ರ ಉಳಿದು ಸಸಿಗೆ ದಾಟುತ್ತದೆ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹೀಗಾಗಿ ನರ್ಸರಿಗಳು ಜೂನ್-ಜುಲೈಯಲ್ಲಿ ಉದುರಿದ ಹಣ್ಣನ್ನು ಆರಿಸಿ ಕೂಡಲೇ ಬಿತ್ತುತ್ತವೆ. ಆ ಆತುರದಲ್ಲಿ ಯಾವ ಮರದ ಬೀಜ, ಮರಕ್ಕೆ ರೋಗವಿತ್ತೇ ಎಂದು ನೋಡುವ ಪದ್ಧತಿ ಇಲ್ಲ. ವನಮಹೋತ್ಸವಕ್ಕೆ, ರಸ್ತೆಬದಿಗೆ, ಶಾಲೆಯ ಆವರಣಕ್ಕೆ ಹೋಗುವ ಸಸಿಗಳ ಜೊತೆ ರೋಗವೂ ಹೊಸ ಊರು ಸೇರಲು ಇದು ದಾರಿ.

ಟೀ ಸೊಳ್ಳೆ ಮತ್ತು ತಪ್ಪು ಗುರುತುಗಳು

ಬೇವಿನ ತುದಿ ಒಣಗಿದರೆ ಅದೆಲ್ಲ ಫೋಮಾಪ್ಸಿಸ್ ಎಂದು ತೀರ್ಮಾನಿಸುವಂತಿಲ್ಲ. ಹೆಲೋಪೆಲ್ಟಿಸ್ ಆಂಟೋನೈ ಎಂಬ ತಿಗಣೆ ಜಾತಿಯ ಕೀಟವೂ ಇಂಥದೇ ನೋಟ ಉಂಟುಮಾಡುತ್ತದೆ. ಗೇರು ಬೆಳೆಗಾರರಿಗೆ ಇದು ಟೀ ಸೊಳ್ಳೆ ಎಂದು ಪರಿಚಿತ. ಚಹಾ, ಗೇರು, ಸೀಬೆ, ನುಗ್ಗೆ, ಬೇವುಗಳ ಎಳೆಚಿಗುರಿಗೆ ಕೊಳವೆಯಂಥ ಬಾಯಿ ಚುಚ್ಚಿ ರಸ ಹೀರುವಾಗ ಅದರ ಜೊಲ್ಲಿನಲ್ಲಿರುವ ವಿಷದಿಂದ ಚಿಗುರು ಕಪ್ಪಾಗಿ ಸಾಯುತ್ತದೆ. ಎಳೆ ಕಾಂಡದ ಮೇಲೆ ಉದ್ದುದ್ದ ಕಂದು ಗಾಯ, ಅದರಿಂದ ಒಸರುವ ಅಂಟು ಇದರ ಗುರುತು. ಈ ಗಾಯಗಳೇ ಶಿಲೀಂಧ್ರಕ್ಕೆ ಬಾಗಿಲಾಗುತ್ತವೆ. ತೆಲಂಗಾಣದ ಹಾವಳಿಯ ಸಂದರ್ಭದಲ್ಲಿ ಕೀಟ ಮೊದಲೋ ಶಿಲೀಂಧ್ರ ಮೊದಲೋ ಎಂಬ ಚರ್ಚೆ ತಜ್ಞರಲ್ಲಿ ನಡೆಯಿತು. ಅನೇಕ ಮರಗಳಲ್ಲಿ ಎರಡೂ ಕೂಡಿಯೇ ಇರುವುದರಿಂದ ಒಂದನ್ನೇ ಗುರಿಮಾಡಿದ ಚಿಕಿತ್ಸೆ ಸೋಲುತ್ತದೆ.

ತಪ್ಪು ಗುರುತಿಗೆ ಇನ್ನೂ ಕೆಲವು ಕಾರಣಗಳಿವೆ. ಹೊಸ ಚಿಗುರಿಗೆ ಮುನ್ನ ಬೇವು ಸಹಜವಾಗಿಯೇ ಎಲೆ ಉದುರಿಸುತ್ತದೆ. ಆಗ ಎಲೆ ಹಳದಿಯಾಗಿ ಕಳಚುತ್ತದೆ, ರೆಂಬೆ ಹಸಿಯಾಗಿಯೇ ಇರುತ್ತದೆ. ರೋಗದಲ್ಲಿ ಎಲೆ ಕಂದಾಗಿ ಅಂಟಿಕೊಂಡಿರುತ್ತದೆ, ಉಗುರಿನಿಂದ ಕೆರೆದರೆ ರೆಂಬೆಯ ಒಳಸಿಪ್ಪೆಯೂ ಕಂದು. ಬದನಿಕೆ ಹಿಡಿದ ಮರದಲ್ಲಿ ಬದನಿಕೆಯಿಂದ ಮೇಲಿನ ಕೊಂಬೆ ಮಾತ್ರ ಸೊರಗುತ್ತದೆ. ರಸ್ತೆ ಅಗಲಿಸುವಾಗ ಬೇರು ಕಡಿದ ಅಥವಾ ಬುಡಕ್ಕೆ ಕಾಂಕ್ರೀಟ್ ಹಾಕಿದ ಮರ ಮಳೆಗಾಲ ಬೇಸಗೆಯೆನ್ನದೆ ಒಂದೇ ಸಮನೆ ಕುಗ್ಗುತ್ತದೆ. ರೈತರು ಮರದ ದಿಮ್ಮಿಗಾಗಿ ಬೆಳೆಸುವ ಹೆಬ್ಬೇವು ಬೇರೆ ಕುಲದ ಮರ, ಒಗ್ಗರಣೆಯ ಕರಿಬೇವು ಬೇರೆ ಕುಟುಂಬದ್ದೇ ಗಿಡ. ಅವು ಒಣಗಿದರೆ ಕಾರಣವನ್ನು ಬೇರೆಯಾಗಿಯೇ ಹುಡುಕಬೇಕು.

ನಷ್ಟದ ಲೆಕ್ಕ

ಬೆಳೆದ ಬೇವಿನ ಮರವೊಂದು ವರ್ಷಕ್ಕೆ 30ರಿಂದ 50 ಕೆ.ಜಿ.ವರೆಗೆ ಹಣ್ಣು ಕೊಡುತ್ತದೆ. ಬೀಜದ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಎಣ್ಣೆ ತೆಗೆದುಳಿದ ಹಿಂಡಿ ಹೊಲಕ್ಕೆ ಗೊಬ್ಬರ, ಬೇರುಗಂಟು ಹುಳುವಿಗೆ ತಡೆ. ಅರಿಶಿನ, ಬಾಳೆ, ತೆಂಗು, ಹಿಪ್ಪುನೇರಳೆ ಬೆಳೆಯುವ ಕೊಳ್ಳೇಗಾಲ-ಯಳಂದೂರು ಭಾಗದಲ್ಲಿ ಬೇವಿನ ಹಿಂಡಿ ಕೊಳ್ಳುವವರು ಬಹಳ. ಬೀಜದಲ್ಲಿರುವ ಅಜಾಡಿರಾಕ್ಟಿನ್ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸಸ್ಯಜನ್ಯ ಕೀಟನಾಶಕ. ಅದನ್ನು 1968ರಲ್ಲಿ ಬೇರ್ಪಡಿಸಲಾಯಿತು. ಅದರ ರಚನೆ ಎಷ್ಟು ಜಟಿಲವೆಂದರೆ ಪ್ರಯೋಗಾಲಯದಲ್ಲಿ ಪೂರ್ಣವಾಗಿ ಕೂಡಿಸಿದ್ದು 2007ರಲ್ಲಿ. ಉದ್ಯಮಕ್ಕೆ ಇಂದಿಗೂ ಮರದ ಬೀಜವೇ ಮೂಲ. ದೇಶದಲ್ಲಿ ತಯಾರಾಗುವ ಯೂರಿಯಾವನ್ನೆಲ್ಲ ಬೇವಿನ ಎಣ್ಣೆಯಿಂದ ಲೇಪಿಸಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿ ಕಡ್ಡಾಯ ಮಾಡಿದ ಮೇಲೆ ಬೀಜದ ಬೇಡಿಕೆ ಇನ್ನೂ ಏರಿತು.

ಬೇವಿನ ಬೀಜ ಆರಿಸುವವರು ಹೆಚ್ಚಾಗಿ ಜಮೀನಿಲ್ಲದ ಕುಟುಂಬಗಳ ಹೆಂಗಸರು ಮತ್ತು ವಯಸ್ಸಾದವರು. ಬಿತ್ತನೆಯ ಕೆಲಸ ಪೂರ್ತಿ ಕುದುರುವ ಮುನ್ನ ಕೈಗೆ ನಾಲ್ಕು ಕಾಸು ತರುವ ಕೆಲಸವಿದು. ಮರ ಸಾಯುವುದಕ್ಕೆ ಹಲವು ವರ್ಷ ಮೊದಲೇ ಈ ವರಮಾನ ನಿಂತುಹೋಗುತ್ತದೆ. ಬೆಳೆ ಹಾನಿಯ ಸಮೀಕ್ಷೆಯಲ್ಲಿ ಬದುವಿನ ಮರಕ್ಕೆ ಅಂಕಣವಿಲ್ಲ. ಬೀಜ ಆರಿಸುವವರ ನಷ್ಟ ಯಾವ ದಫ್ತರಕ್ಕೂ ಏರುವುದಿಲ್ಲ.

ನಿರ್ವಹಣೆ

ಒಣಗಿದ ಭಾಗವನ್ನು ಕತ್ತರಿಸಿ ಸುಡುವುದು ಮೊದಲ ಕ್ರಮ. ಒಣಗು ನಿಂತಿರುವ ಜಾಗಕ್ಕಿಂತ ಕೆಳಗೆ, ಹಸಿರು ಸಿಪ್ಪೆ ಕಾಣುವ ಕಡೆ ಕತ್ತರಿಸಬೇಕು. ಕತ್ತರಿಸಿದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಬೇಕು. ಮಳೆ ಪೂರ್ತಿ ನಿಂತ ಮೇಲೆ, ಹೊಸ ಚಿಗುರಿಗೆ ಮುಂಚೆ ಇದನ್ನು ಮಾಡುವುದು ಲೇಸು; ಮಳೆಯಲ್ಲಿ ಕತ್ತರಿಸಿದರೆ ಗಾಯದ ಮೂಲಕ ಹೊಸ ಸೋಂಕು ಸೇರುತ್ತದೆ. ಕತ್ತರಿಸಿದ ಸೌದೆಯನ್ನು ಮರದ ಬುಡದಲ್ಲೇ ಒಟ್ಟಿದರೆ ಪ್ರಯೋಜನವಿಲ್ಲ.

ಶಿಲೀಂಧ್ರನಾಶಕಗಳಲ್ಲಿ ಕಾರ್ಬೆಂಡಜಿಂ ಪ್ರಯೋಗಗಳಲ್ಲಿ ಪರಿಣಾಮಕಾರಿ ಎಂದು ಕಂಡುಬಂದಿದೆ. ನರ್ಸರಿಯ ಸಸಿ, ಎಳೆಯ ಗಿಡಗಳಿಗೆ ಇದು ಸಾಧ್ಯ. ಎತ್ತರದ ಮರದ ನೆತ್ತಿಗೆ ಸಿಂಪಡಿಸುವುದು ಹಳ್ಳಿಯ ಸ್ಪ್ರೇಯರಿನಿಂದ ಆಗುವ ಕೆಲಸವಲ್ಲ. ಆಡುಗಳಿಗೆ ಸೊಪ್ಪು ಕಡಿಯುವ, ಹಬ್ಬಕ್ಕೆ ಹೂವು ಕೀಳುವ, ಜೇನು ಕೂರುವ ಮರಕ್ಕೆ ಕೀಟನಾಶಕ, ಶಿಲೀಂಧ್ರನಾಶಕ ಹೊಡೆದರೆ ಅದರ ಶೇಷ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಸಿಂಪಡಣೆಗೆ ಮುನ್ನ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ರೆಂಬೆಯನ್ನು ತೋರಿಸಿ ರೋಗವೋ ಕೀಟವೋ ಎಂದು ಖಚಿತಪಡಿಸಿಕೊಳ್ಳುವುದು ಸರಿಯಾದ ಕ್ರಮ.

ಜೈವಿಕ ನಿಯಂತ್ರಣದಲ್ಲಿ ಬ್ಯಾಸಿಲಸ್ ಸಬ್ಟಿಲಿಸ್, ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಗಳು ಮತ್ತು ಟ್ರೈಕೋಡರ್ಮ ಶಿಲೀಂಧ್ರದ ಮೇಲೆ ಅಧ್ಯಯನಗಳಾಗಿವೆ. ಬೀಜೋಪಚಾರಕ್ಕೆ ಇವು ಹೊಂದುತ್ತವೆ. ಇವೆಲ್ಲಕ್ಕಿಂತ ಅಗ್ಗದ ಉಪಾಯ ರೋಗವಿಲ್ಲದ ಮರದಿಂದ ಬೀಜ ಆಯುವುದು. ಬೀಜ ಆಯುವ ಮರಗಳನ್ನು ಹಿಂದಿನ ಮಳೆಗಾಲದ ಕೊನೆಯಲ್ಲೇ ನೋಡಿ ಗುರುತು ಹಾಕಿಟ್ಟುಕೊಳ್ಳಬೇಕು. ಬೇಸಗೆಯಲ್ಲಿ ಎಲ್ಲ ಮರಗಳೂ ಹಸಿರಾಗಿರುವುದರಿಂದ ಆಗ ಆರಿಸಲು ಬಾರದು. ಬೆಂಗಳೂರಿನ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಮೈಸೂರು ವಿಶ್ವವಿದ್ಯಾನಿಲಯ, ಕೃಷಿ ವಿಶ್ವವಿದ್ಯಾನಿಲಯಗಳ ತಿಳಿವಳಿಕೆ ಅರಣ್ಯ ಇಲಾಖೆಯ ನರ್ಸರಿಯವರೆಗೆ ಇಳಿಯಬೇಕಾದ ಜಾಗ ಇದೇ.

ಸೀಮೆಯ ಇತರ ಶಿಲೀಂಧ್ರ ರೋಗಗಳು

ಮಾಂಬಳ್ಳಿ ಸುತ್ತಿನ ಬೆಳೆಗಾರರಿಗೆ ಶಿಲೀಂಧ್ರ ರೋಗ ಹೊಸದಲ್ಲ. ಭತ್ತ ಮತ್ತು ರಾಗಿಯ ಬೆಂಕಿ ರೋಗ ಹಳೆಯದು. ರಾಗಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿಪಿಯು-28ರಂಥ ನಿರೋಧಕ ತಳಿಗಳಿಂದ ಅದರ ಕಾಟ ತಗ್ಗಿದೆ. ಅರಿಶಿನಕ್ಕೆ ಎಲೆಚುಕ್ಕೆ ಮತ್ತು ಗೆಡ್ಡೆ ಕೊಳೆ. ಗೆಡ್ಡೆ ಕೊಳೆಗೆ ಕಾರಣವಾದ ಪಿಥಿಯಂ ಶಿಲೀಂಧ್ರದಂತೆ ಕಂಡರೂ ವರ್ಗೀಕರಣದಲ್ಲಿ ಈಗ ಬೇರೆ ಗುಂಪಿಗೆ ಸೇರಿದೆ. ತೆಂಗಿಗೆ ಗ್ಯಾನೊಡರ್ಮದಿಂದ ಬರುವ ಅಣಬೆ ರೋಗ ಬುಡದಲ್ಲಿ ಕಂದು ರಸ ಸೋರಿಸಿ ಮರವನ್ನು ಕೊಲ್ಲುತ್ತದೆ.

ಬಾಳೆಯ ಪನಾಮಾ ಸೊರಗು ರೋಗದ ಕಥೆ ಈ ಸೀಮೆಗೆ ಹತ್ತಿರದ ಪಾಠ. ಮಣ್ಣಿನಲ್ಲಿ ಬಹುಕಾಲ ಬದುಕುವ ಫ್ಯುಸೇರಿಯಂ ಶಿಲೀಂಧ್ರದಿಂದಾಗಿ ಹೆಸರುವಾಸಿಯಾದ ನಂಜನಗೂಡು ರಸಬಾಳೆ ತನ್ನ ಊರಿನಲ್ಲೇ ಅಪರೂಪವಾಯಿತು. ಅದೇ ಶಿಲೀಂಧ್ರದ ಟಿಆರ್-4 ಎಂಬ ಹೆಚ್ಚು ಅಪಾಯಕಾರಿ ಬಗೆ ಬಿಹಾರ, ಉತ್ತರ ಪ್ರದೇಶಗಳ ಪಚ್ಚಬಾಳೆ ತೋಟಗಳಿಗೆ ಈಗಾಗಲೇ ಕಾಲಿಟ್ಟಿದೆ. ಅಲ್ಲಿಂದ ಕಂದು ತರಿಸುವುದು ಕೊಳ್ಳೇಗಾಲದ ಬಾಳೆಗೆ ಅಪಾಯ.

ರೇಷ್ಮೆಯ ನಂಟಿರುವ ಈ ಭಾಗದಲ್ಲಿ ಹಿಪ್ಪುನೇರಳೆಯ ಬೇರುಕೊಳೆ, ಎಲೆಯ ತುಕ್ಕು, ಬೂದಿ ರೋಗಗಳು ಸೊಪ್ಪಿನ ಇಳುವರಿಯನ್ನು ತಗ್ಗಿಸುತ್ತವೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇವುಗಳ ಮೇಲೆ ಕೆಲಸ ಮಾಡುತ್ತ ಬಂದಿದೆ. ರೇಷ್ಮೆಹುಳುವನ್ನೇ ಕೊಲ್ಲುವ ಸುಣ್ಣಕಟ್ಟು ರೋಗವೂ ಶಿಲೀಂಧ್ರದ್ದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೆಳೆಯುವ ಕಾಫಿಗೆ ಎಲೆತುಕ್ಕಿನ ಭಯವಿದೆ. ಇದೇ ಕಾಡುಗಳ ಶ್ರೀಗಂಧವನ್ನು ಕಾಡಿದ ಸ್ಪೈಕ್ ರೋಗವನ್ನು ಕೆಲವರು ಇದೇ ಪಟ್ಟಿಗೆ ಸೇರಿಸುವುದುಂಟು. 1899ರಲ್ಲಿ ಕೊಡಗಿನಲ್ಲಿ ಮೊದಲು ದಾಖಲಾದ ಆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ, ಶಿಲೀಂಧ್ರವಲ್ಲ.

ಇವುಗಳ ನಡುವೆ ಬೇವಿನ ರೋಗ ಒಂದು ವಿಷಯದಲ್ಲಿ ಬೇರೆ. ಬಾಳೆ, ಅರಿಶಿನ, ಹಿಪ್ಪುನೇರಳೆಗೆ ಒಡೆಯನಿದ್ದಾನೆ. ಅವನು ದಿನವೂ ತೋಟಕ್ಕೆ ಹೋಗುತ್ತಾನೆ, ನಷ್ಟ ಕಂಡರೆ ಔಷಧ ಅಂಗಡಿಗೆ ಓಡುತ್ತಾನೆ. ಬದುವಿನ ಬೇವು ಎರಡು ಹೊಲಗಳ ನಡುವಿನದು, ರಸ್ತೆಯ ಬೇವು ಲೋಕೋಪಯೋಗಿ ಇಲಾಖೆಯದೋ ಪಂಚಾಯ್ತಿಯದೋ ಎಂಬುದು ಇತ್ಯರ್ಥವಾಗದ್ದು, ಕಟ್ಟೆಯ ಬೇವು ದೇವರದು. ಇಪ್ಪತ್ತೈದು ವರ್ಷಕ್ಕೂ ಹಿಂದೆ ಹೆಸರಿಟ್ಟ ರೋಗ ಇನ್ನೂ ಹೊಸದೆಂದು ಅನ್ನಿಸುವುದಕ್ಕೆ ಇದು ದೊಡ್ಡ ಕಾರಣ.

ಹೊರನಾಡಿನ ನಿದರ್ಶನಗಳು

ಬೇವು ಭಾರತದ ಆಚೆಗೂ ಕುಗ್ಗಿದ್ದುಂಟು. ಸಹಾರಾ ಮರುಭೂಮಿಯ ಅಂಚಿನ ನೈಜರ್, ನೈಜೀರಿಯ, ಚಾಡ್, ಕ್ಯಾಮರೂನ್ ದೇಶಗಳಲ್ಲಿ 1990ರ ಸುಮಾರಿಗೆ ಬೇವಿನ ಮರಗಳು ಎಲೆ ಕಳೆದುಕೊಂಡು ಸೊರಗಿದವು. ಅಲ್ಲಿ ಮುಖ್ಯ ಕಾರಣಗಳೆಂದು ತೋರಿಬಂದದ್ದು ಮಣ್ಣಿನ ತೇವದ ಕೊರತೆ ಮತ್ತು ಚಾಡ್ ಸರೋವರದ ಸುತ್ತ ಶಲ್ಕಕೀಟ, ಶಿಲೀಂಧ್ರವಲ್ಲ. ಒಂದೇ ಮರ ಬೇರೆ ಬೇರೆ ನಾಡಿನಲ್ಲಿ ಬೇರೆ ಬೇರೆ ಕಾರಣಕ್ಕೆ ಒಣಗಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಮರದ ಶಿಲೀಂಧ್ರ ರೋಗಗಳು ಎಲ್ಲಿಯವರೆಗೆ ಹೋಗಬಲ್ಲವು ಎಂಬುದನ್ನು ಅಮೆರಿಕದ ಚೆಸ್ಟ್‌ನಟ್ ತೋರಿಸಿದೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ತೊಗಟೆ ರೋಗ ಅರ್ಧ ಶತಮಾನದೊಳಗೆ ಕೋಟ್ಯಂತರ ಮರಗಳನ್ನು ಕೊಂದು ಆ ಜಾತಿಯನ್ನು ಕಾಡಿನಿಂದ ಹೆಚ್ಚುಕಡಿಮೆ ಅಳಿಸಿತು. 1990ರ ದಶಕದಲ್ಲಿ ಪೋಲೆಂಡಿನಲ್ಲಿ ಕಂಡ ಆಶ್ ಮರದ ಡೈಬ್ಯಾಕ್ 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾಯಿತು. ಎರಡೂ ಹೊರಗಿನಿಂದ ಬಂದ ಶಿಲೀಂಧ್ರಗಳ ಹಾವಳಿ. ಅವುಗಳ ದೂರಪ್ರಯಾಣದಲ್ಲಿ ನರ್ಸರಿ ಸಸಿಗಳ ಪಾತ್ರ ದೊಡ್ಡದು. ಧಾನ್ಯಗಳಲ್ಲೂ ಇದೇ ರೀತಿ. 1985ರಲ್ಲಿ ಬ್ರೆಜಿಲಿನಲ್ಲಿ ಗುರುತಿಸಿದ ಗೋಧಿಯ ಬೆಂಕಿ ರೋಗ 2016ರಲ್ಲಿ ಬಾಂಗ್ಲಾದೇಶಕ್ಕೆ ಬಂತು.

ಮೌಲ್ಯಮಾಪನ

ಬೇವು ಚೆಸ್ಟ್‌ನಟ್‌ನಂತೆ ಅಳಿದೇಹೋಗುತ್ತದೆ ಎಂದು ಹೇಳಲು ಈಗ ಆಧಾರವಿಲ್ಲ. ಮತ್ತೆ ಮತ್ತೆ ಚಿಗುರುವ ಅದರ ಶಕ್ತಿ ದೊಡ್ಡದು, ಬೀಜದಿಂದ ಹುಟ್ಟಿದ ಮರಗಳಲ್ಲಿ ಗುಣವೈವಿಧ್ಯವೂ ಸಾಕಷ್ಟಿದೆ. ರೋಗ ತಾಳುವ ಮರಗಳು ಅವುಗಳ ನಡುವೆಯೇ ಸಿಗುವ ಸಾಧ್ಯತೆ ಇದೆ. ಆದರೆ ಚಿಗುರುವ ಶಕ್ತಿಯೇ ರೋಗವನ್ನು ಕಡೆಗಣಿಸಲು ನೆಪವೂ ಆಗಿದೆ. ರೋಗದ ತೀವ್ರತೆಯನ್ನು ಯುಗಾದಿಯ ಹಸಿರಿನಿಂದ ಅಳೆಯದೆ, ಮಳೆಗಾಲದ ಕೊನೆಯ ಒಣಗಿನಿಂದ ಮತ್ತು ಜೂನ್-ಜುಲೈಯಲ್ಲಿ ಬುಡದಲ್ಲಿ ಬೀಳುವ ಬೀಜದ ಪ್ರಮಾಣದಿಂದ ಅಳೆಯಬೇಕು.

ಮಾಂಬಳ್ಳಿಯಂಥ ಊರಿನಲ್ಲಿ ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದಲ್ಲ. ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಊರಿನ ಬೇವಿನ ಮರಗಳನ್ನು ಕಾರ್ತಿಕದಲ್ಲಿ ಒಮ್ಮೆ ನೋಡಿ, ಒಣಗಿದವು, ಉಳಿದವು ಎಂದು ಪಟ್ಟಿ ಮಾಡಿದರೆ ಮೂರು-ನಾಲ್ಕು ವರ್ಷದಲ್ಲಿ ರೋಗ ತಾಳುವ ಮರಗಳು ಯಾವುವೆಂದು ಗೊತ್ತಾಗುತ್ತದೆ. ನರ್ಸರಿಗೆ ಬೀಜ ಹೋಗಬೇಕಾದದ್ದು ಆ ಮರಗಳಿಂದ. ಬೇವಿನ ಒಣಗು ರೋಗಕ್ಕೆ ಈಗ ಲಭ್ಯವಿರುವ ಅತ್ಯಂತ ನಂಬಲರ್ಹ ಮದ್ದು ರೋಗವಿಲ್ಲದ ಬೀಜವೇ.